ವರ್ಲಿನ್ ಕದ್ದ ಒಂದು ದಿನ

ಟ್ರಿನಿಡಾಡಿನ ಪಕ್ಕದ ದ್ವೀಪದಲ್ಲಿರುವ ನಮ್ಮ ಸ್ಪೇಸೈಡ್‌ನಲ್ಲಿ ಮೀನು ಹಿಡಿಯುವವರಿಗೂ ಕಡಲಿನ ತಳವೆಂದರೆ ದಿಗಿಲು. ಮೇಲೆ ದೋಣಿ ಬಿಡುತ್ತೇವೆ, ಬಲೆ ಹಾಕುತ್ತೇವೆ, ಅಷ್ಟೇ. ಕೆಳಗೆ ಇಣುಕುವ ಚಪಲ ಇದ್ದದ್ದು ನನ್ನ ಚಿಕ್ಕಪ್ಪನ ಮಗಳು ವರ್ಲಿನ್‌ಗೆ ಮಾತ್ರ. ಇಪ್ಪತ್ತಕ್ಕೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದವಳು ನಲವತ್ತಾರಾದರೂ ಇಳಿಯುತ್ತಲೇ ಇದ್ದಾಳೆ. ಮದುವೆಯಾಗುತ್ತೇನೆಂದಿದ್ದವನು ಟ್ರಿನಿಡಾಡಿಗೆ ಕೆಲಸಕ್ಕೆ ಹೋಗಿ ಅಲ್ಲೇ ಸಂಸಾರ ಹೂಡಿದ. ದರಿದ್ರದವನು! ಆಮೇಲೆ ಅವಳು ಯಾರನ್ನೂ ಕಣ್ಣೆತ್ತಿ ನೋಡಲಿಲ್ಲ. ರಜೆಗೆ ಬಂದವರಿಗೆ ಹವಳ, ಮೀನು ತೋರಿಸುವ ಗೈಡ್ ಅವಳು, ದೋಣಿ ನಡೆಸುವವನು ನಾನು.

ನೀರಿಗೆ ಯಾರೂ ಒಬ್ಬರೇ ಇಳಿಯುವಂತಿಲ್ಲ. ಮುಳುಗುವವರಿಗೆ ಸಲಕರಣೆ ಕೊಡುವ ನಮ್ಮ ಅಂಗಡಿಯ ಹಲಗೆಯ ಮೇಲೆ ಜೋಡಿ ಜೋಡಿ ಹೆಸರು ಬರೆಯುತ್ತೇವೆ. ಗಂಡನಿಗೆ ಹೆಂಡತಿ, ಅಣ್ಣನಿಗೆ ತಂಗಿ. ಕುಟುಂಬದಲ್ಲಿ ಜೋಡಿಯಿಲ್ಲದೆ ಉಳಿದವರು ವರ್ಲಿನ್ ಪಾಲಿಗೆ. ಹಾಗೆ ಉಳಿದವನೇ ಡಂಕನ್. ಸ್ಕಾಟ್ಲೆಂಡಿನ ಅಂಚೆ ಕಚೇರಿಯವನು, ಹೆಂಡತಿ ತೀರಿಹೋಗಿದ್ದಳು. ಅಕ್ಕ ಮೋನಾ ಪ್ರತಿ ಫೆಬ್ರವರಿಯಲ್ಲಿ ತನ್ನ ಗಂಡ ಮಕ್ಕಳ ಜೊತೆ ಅವನನ್ನೂ ಎಳೆದುಕೊಂಡು ಬರುತ್ತಿದ್ದಳು. ಏಳು ವರ್ಷ ಹಲಗೆಯ ಕೊನೆಯ ಸಾಲಿನಲ್ಲಿ ಎರಡೇ ಹೆಸರು: ಡಂಕನ್, ವರ್ಲಿನ್.

ಕೆಳಗೆ ಅವಳು ಬೆರಳು ತೋರಿಸಿದ ಕಡೆ ಅವನು ತಿರುಗುತ್ತಿದ್ದನಂತೆ. ನೀರಿನ ಸೆಳೆತ ಜೋರಿದ್ದರೆ ಕೈ ಹಿಡಿದುಕೊಳ್ಳುತ್ತಿದ್ದನಂತೆ. ಮೇಲೆ ಬಂದ ಮೇಲೆ ಒಂದು ‘ಥ್ಯಾಂಕ್ಸ್’, ಆಮೇಲೆ ಅಕ್ಕನ ಮನೆಯವರ ಜೊತೆ ಊಟಕ್ಕೆ. ಅವಳಿಗೆ ಅವನ ಮೇಲೆ ಮನಸ್ಸಿತ್ತು. ಒಂದೇ ಒಂದು ದಿನ ಅವನು ತನ್ನ ಮನೆಯಲ್ಲಿ ಕೂತು ಉಣ್ಣಬೇಕು ಎಂಬ ಆಸೆಯಿತ್ತು. ಬಾಯಿಬಿಟ್ಟು ಕರೆಯಲು ಮಾತ್ರ ಆಗುತ್ತಿರಲಿಲ್ಲ.

“ಊಟಕ್ಕೆ ಕರೆಯೇ ಮಾರಾಯ್ತಿ, ಅವನೇನು ನಿನ್ನ ನುಂಗ್ತಾನಾ?” ಎಂದು ನಾನು ಕೆಣಕಿದರೆ, “ನೀನು ದೋಣಿ ನೋಡ್ಕೊ ಎರ್ಸ್ಕಿನಣ್ಣ” ಎನ್ನುತ್ತಿದ್ದಳು.

ನೀರಿಂದೆದ್ದವರು ಒಂದು ಹಗಲು ಒಂದು ರಾತ್ರಿ ವಿಮಾನ ಹತ್ತಬಾರದು. ಹತ್ತಿದರೆ ರಕ್ತದಲ್ಲಿ ಗುಳ್ಳೆಯೆದ್ದು ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕೇ ಹೊರಡುವ ಹಿಂದಿನ ದಿನ ಯಾರನ್ನೂ ಇಳಿಸುವುದಿಲ್ಲ, ‘ಒಣ ದಿನ’ ಎನ್ನುತ್ತೇವೆ. ಯಾರು ಯಾವಾಗ ಹೊರಡುತ್ತಾರೆಂದು ಹಲಗೆಯ ಮೂಲೆಯಲ್ಲಿ ಬರೆಯುವವಳು ವರ್ಲಿನ್. ಇಪ್ಪತ್ತಾರು ವರ್ಷದಲ್ಲಿ ಒಂದು ಗಂಟೆಯೂ ತಪ್ಪಿದವಳಲ್ಲ.

ಹೋದ ವರ್ಷ ಡಂಕನ್ ಬಳಗದ ವಿಮಾನದ ಹೊತ್ತನ್ನೂ ಅವಳೇ ಬರೆದಿದ್ದಳು: ಶನಿವಾರ ಬೆಳಿಗ್ಗೆ ಎಂಟು. ಶುಕ್ರವಾರ ಮೋನಾ ಮನೆಯವರು ಜಲಪಾತ ನೋಡಲು ಹೋದರು. ಡಂಕನ್ ಒಬ್ಬನೇ ಕಟ್ಟೆಯ ಮೇಲೆ ಕೂತಿದ್ದ.

“ಬರ್ತೀರಾ? ಇನ್ನೊಂದ್ಸಲ ಇಳಿಯೋಣ,” ಎಂದಳು ವರ್ಲಿನ್.

“ನಮ್ಮ ವಿಮಾನ ನಾಳೆ ಸಂಜೆ ತಾನೆ? ಟಿಕೆಟ್ಟೆಲ್ಲ ಅಕ್ಕನ ಹತ್ರ ಇದೆ. ಹೊತ್ತು ಸಾಲುತ್ತಾ?”

“ಸಾಲುತ್ತೆ.”

ಹಲಗೆ ನನ್ನ ಕಣ್ಣೆದುರಿಗೇ ಇತ್ತು. ಅವಳ ಮುಖ ನೋಡಿದೆ. ತುಟಿ ಬಿಗಿಹಿಡಿದು ಅವನ ಸಿಲಿಂಡರಿನ ಪಟ್ಟಿ ಬಿಗಿಯುತ್ತಿದ್ದಳು. ಸಂಜೆ ಹೇಗಿದ್ದರೂ ನಿಜ ಹೇಳೇ ಹೇಳುತ್ತಾಳೆ, ಅವನು ಒಂದು ದಿನ ಉಳಿಯುತ್ತಾನೆ, ಉಳಿಯಲಿ ಬಿಡು ಎಂದು ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಬುದ್ಧಿಗಿಷ್ಟು!

ನಾಲ್ಕಕ್ಕೆ ಮೇಲೆ ಬಂದಾಗ ಕಟ್ಟೆಯ ಮೇಲೆ ಮೋನಾ ನಿಂತಿದ್ದಳು. ತಮ್ಮನ ತಲೆಯಿಂದ ನೀರು ಸೋರುವುದನ್ನು ಕಂಡು ಅವಳ ಬಣ್ಣವೇ ಬದಲಾಯಿತು.

“ಡಂಕನ್! ಬೆಳಿಗ್ಗೆ ಎಂಟಕ್ಕೆ ವಿಮಾನ ಕಣೋ! ತಲೆ ಕೆಟ್ಟಿದ್ಯಾ ನಿಂಗೆ?”

“ತಪ್ಪು ನಂದು,” ಎಂದಳು ವರ್ಲಿನ್. “ಅವರು ಭಾನುವಾರ ಹೋಗ್ಲಿ.”

“ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀರಲ್ರೀ, ಹೊತ್ತು ನೋಡೋಕೆ ಬರಲ್ವಾ?”

ಮೋನಾ ಬಾಯಿಗೆ ಬಂದಂತೆ ಬೈದಳು. ಬೆಳಿಗ್ಗೆ ಡಂಕನ್ ಒಬ್ಬನನ್ನು ಬಿಟ್ಟು ಎಲ್ಲರೂ ಹೋದರು.

ಆ ತಪ್ಪಿನ ನೆಪದಲ್ಲೇ ಶನಿವಾರ ಮಧ್ಯಾಹ್ನ ಅವನಿಗೆ ಅವಳ ಮನೆಯಲ್ಲಿ ಊಟ. ಒಬ್ಬಳಿಗೇ ಧೈರ್ಯ ಸಾಲದೆ ನನ್ನನ್ನೂ ಕರೆದಿದ್ದಳು. ತೆಂಗಿನ ಹಾಲು ಹಾಕಿದ ಏಡಿ, ಜೊತೆಗೆ ಕಡುಬು. ಹೊಸ ಬಟ್ಟೆ ಉಟ್ಟಿದ್ದಳು, ಪಾಪ. ನೀರಿನಡಿ ಕೈಸನ್ನೆಯಲ್ಲೇ ಎಲ್ಲ ಆಡಿಕೊಂಡವರಿಗೆ ಮೇಜಿನ ಮುಂದೆ ಒಂದು ಮಾತೂ ಹುಟ್ಟಲಿಲ್ಲ.

“ಏಡಿ ಚೆನ್ನಾಗಿದೆ.”

“ಇನ್ನೊಂಚೂರು ಹಾಕ್ಲಾ?”

“ಸಾಕು.”

ನಾನು ಮಳೆಯ ಸುದ್ದಿ ಎತ್ತಿದೆ, ಯಾರೂ ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ಅವನೇ, “ನೀವು ಬೇಜಾರು ಮಾಡ್ಕೋಬೇಡಿ ವರ್ಲಿನ್. ಮರೆವು ಯಾರಿಗಿಲ್ಲ?” ಎಂದ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ಸುಳ್ಳನ್ನು ಒಂದು ರಾತ್ರಿಗಿಂತ ಹೆಚ್ಚು ಹೊತ್ತವಳಲ್ಲ.

“ಮರೆತಿರ್ಲಿಲ್ಲ. ಬೇಕಂತಲೇ ಮಾಡ್ದೆ.”

“ಯಾಕೆ?”

“ನೀವು ಒಂದು ದಿನ ಇರ್ಲಿ ಅಂತ.”

ಅವನು ಕೈಯಲ್ಲಿದ್ದ ಏಡಿಯ ತುಂಡನ್ನು ತಟ್ಟೆಗಿಟ್ಟ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೆತ್ತಗೆ ಹೇಳಿದ: “ಕೇಳಿದ್ರೆ ಇರ್ತಿದ್ದೆ. ಏಳು ವರ್ಷದಿಂದ ನೀವು ಇಳೀರಿ ಅಂದ್ರೆ ಇಳಿದೆ, ಹತ್ತಿ ಅಂದ್ರೆ ಹತ್ತಿದೆ. ಮನೆಯವಳು ಹೋದ ಮೇಲೆ ನಾನು ಅಷ್ಟು ನಂಬಿದ್ದು ನಿಮ್ಮೊಬ್ಬರನ್ನೇ. ಇನ್ಮೇಲೆ ಹೇಗೆ ನಂಬ್ಲಿ, ಹೇಳಿ?”

ಅವಳು ಎದ್ದು ಅವನ ಕೈಗೆ ನೀರು ಕೊಟ್ಟಳು. ಅವನು ಕೈ ತೊಳೆದು, ಊಟಕ್ಕೆ ಥ್ಯಾಂಕ್ಸ್ ಹೇಳಿ, ಬಿಸಿಲಿನಲ್ಲೇ ಹೋಟೆಲಿನ ಕಡೆ ನಡೆದ.

ಇನ್ನು ಬರಲಾರನೆಂದುಕೊಂಡಿದ್ದೆವು. ಈ ಫೆಬ್ರವರಿಯಲ್ಲಿ ಮತ್ತೆ ಎಲ್ಲರ ಜೊತೆ ಬಂದ. ಅಂಗಡಿಗೆ ಬಂದವನೇ ಹ್ಯಾಟು ತೆಗೆದು, ನಮ್ಮಿಬ್ಬರ ಆರೋಗ್ಯ ವಿಚಾರಿಸಿ, ಬಹಳ ಮರ್ಯಾದೆಯಿಂದ ಕೇಳಿದ: “ಈ ಸಲ ನಂಗೆ ಬೇರೆ ಗೈಡ್ ಸಿಗ್ತಾರಾ?”

“ಸಿಗ್ತಾರೆ,” ಎಂದಳು ವರ್ಲಿನ್. ಹಲಗೆಯ ಮೇಲೆ ಅವನ ಹೆಸರಿನ ಪಕ್ಕ ಹೊಸ ಗೈಡಿನ ಹೆಸರು ಅವಳೇ ಬರೆದಳು. ಬರೆದು, ಅವನ ವಿಮಾನ ಎಷ್ಟು ಹೊತ್ತಿಗೆ ಎಂದು ಎರಡು ಸಲ ಕೇಳಿ ತಿಳಿದುಕೊಂಡಳು.