ಸಾಂಗುವಿನ ಕರಿಕೂದಲು

ಐವತ್ತೆಂಟರ ಪ್ಯೊ ಸಾಂಗುವಿಗೆ ಎರಡೇ ಹೆಮ್ಮೆ: ಮಗಳು ಯುನ್‌ಸೊ ಮತ್ತು ತಲೆಗೂದಲು. ದಕ್ಷಿಣ ಕೊರಿಯಾದ ಚುಂಗ್‌ಚೊಂಗ್ ಕರಾವಳಿಯ ವಿದ್ಯುತ್ ಸ್ಥಾವರದಲ್ಲಿ ಇಪ್ಪತ್ತಾರು ವರ್ಷ ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಪಕ್ಕ ದೂಳು ಕುಡಿದವನು, ಭಾನುವಾರ ಬಂತೆಂದರೆ ಹೆಂಡತಿ ಓಕ್‌ಶಿಲ್‌ಳಿಂದ ತಲೆಗೆ ಬಣ್ಣ ಹಚ್ಚಿಸಿಕೊಂಡು ಮದುಮಗನ ಹಾಗೆ ಬೀದಿಗೆ ಬರುತ್ತಿದ್ದ.

ಕಲ್ಲಿದ್ದಲ ಹೊಗೆ ಸಾಕೆಂದು ಡಿಸೆಂಬರಿನಲ್ಲಿ ಸ್ಥಾವರಕ್ಕೆ ಬೀಗ ಬೀಳುವುದಿತ್ತು. ಪಕ್ಕದೂರಿನಲ್ಲಿ ಅನಿಲದ ಸ್ಥಾವರ ಏಳುತ್ತಿತ್ತು. ಕಾಯಂ ನೌಕರರಿಗೆ ಅಲ್ಲಿ ಜಾಗ. ಸಾಂಗು ಸೇರಿ ಬೆಲ್ಟಿನ ಮೂವತ್ತೆಂಟು ಗುತ್ತಿಗೆಯವರಿಗೆ ಬರೀ ಕೈಕುಲುಕಿ ವಿದಾಯ. ಗಾಳಿ ಶುದ್ಧವಾಗಲಿ, ಯಾರು ಬೇಡವೆಂದರು? ಹೊಗೆಯ ಜೊತೆ ಇವರನ್ನೂ ಊದಿಬಿಡುವುದು ಯಾವ ನ್ಯಾಯ?

ಪ್ರತಿಭಟನೆಗೆ ಗೇಟಿನೆದುರು ತಲೆ ಬೋಳಿಸಿಕೊಂಡು ಕೂರುವುದೆಂದು ಗುತ್ತಿಗೆಯವರ ಸಂಘ ತೀರ್ಮಾನಿಸಿತು. ಮೊದಲು ಅಧ್ಯಕ್ಷ ಕೂರುವುದು ಪದ್ಧತಿ. ಅಧ್ಯಕ್ಷ ಟಾಕ್‌ನ ತಲೆಯೋ, ಹತ್ತು ವರ್ಷದಿಂದ ಬೋಳು.

"ಸಾಂಗಣ್ಣ, ನೀನೇ ಕೂರ್ಬೇಕು," ಎಂದ ಟಾಕ್. "ನನ್ ತಲೆಗೆ ಮಷಿನ್ ಹಿಡಿದ್ರೆ ಮ್ಯಾನೇಜರ್ ಬಿದ್ದು ಬಿದ್ದು ನಗ್ತಾನೆ."

"ಬರೋ ಶನಿವಾರ ಮಗಳ ಮದ್ವೆ ಕಣೋ! ಫೋಟೋದಲ್ಲಿ ಮೊಟ್ಟೆ ಥರ ನಿಂತ್ಕೊಳ್ಳಲಾ?"

ಮನೆಯಲ್ಲಿ ಓಕ್‌ಶಿಲ್ ಒಂದೇ ಮಾತು ಹೇಳಿದಳು: "ಹದಿನೈದು ವರ್ಷ ಬಣ್ಣ ಬಳಿದವಳು ನಾನು. ಬೋಳಿಸೋದೂ ನಾನೇ. ನಡೀರಿ."

ಸೋಮವಾರ ಗೇಟಿನೆದುರು ಕುರ್ಚಿಯಲ್ಲಿ ಕೂರಿಸಿ ಬೋಳಿಸಿದಳು. ಕೂದಲು ಅವನ ಮಡಿಲಿಗೆ ಬಿದ್ದಾಗ ಅವಳೇ ಗೊಳೋ ಎಂದು ಅತ್ತಳು.

ಬುಧವಾರ ಕಂಪನಿ ಬಗ್ಗಿತು. ಹೊಸ ಸ್ಥಾವರಕ್ಕೆ ಮೂವತ್ತೇಳು ಹೆಸರು ಬಂದವು. ನಿವೃತ್ತಿಗೆ ಎರಡೇ ವರ್ಷವೆಂದು ಸಾಂಗುವನ್ನೊಬ್ಬನನ್ನು ಕೈಬಿಟ್ಟಿದ್ದರು.

"ಒಪ್ಪಂದಕ್ಕೆ ಸಹಿ ಹಾಕ್ರೋ. ನಂದೇನು, ಮುದುಕಂದು," ಎಂದು ಸಾಂಗು ನಕ್ಕ. ಕೈ ಮಾತ್ರ ಬೋಳುತಲೆ ಸವರುತ್ತಲೇ ಇತ್ತು. ಯಾರೂ ಪೆನ್ನು ಮುಟ್ಟಲಿಲ್ಲ. ಮಾರನೇ ಬೆಳಿಗ್ಗೆ ಟಾಕ್ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಒಬ್ಬೊಬ್ಬರಾಗಿ ಅದೇ ಕುರ್ಚಿಯಲ್ಲಿ ಕೂತು ತಲೆ ಬೋಳಿಸಿಕೊಂಡು ಎದ್ದರು.

ಶನಿವಾರ ಮದುವೆಯ ಊಟದಲ್ಲಿ ಗಂಡಿನ ಸೋದರಮಾವ ಸಾಂಗುವಿನ ಕಿವಿಯಲ್ಲಿ ಕೇಳಿದ: "ಬೀಗರೇ, ಇಷ್ಟೊಂದು ಸನ್ಯಾಸಿಗಳನ್ನ ಯಾವ ಮಠದಿಂದ ಕರೆಸಿದ್ರಿ? ಪಕ್ಕೆಮೂಳೆ ಸಾರು ಹಾಗೆ ಬಾರಿಸ್ತಿದಾರಲ್ರೀ!"

"ಕಲ್ಲಿದ್ದಲು ಮಠ," ಎಂದ ಸಾಂಗು.

ಫೋಟೋಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಟಾಕ್ ಫೋನ್ ಹಿಡಿದು ಓಡಿ ಬಂದ. ಕಂಪನಿಯ ಹೊಸ ಪಟ್ಟಿ. ಕೊನೆಯಲ್ಲಿ ಮೂವತ್ತೆಂಟನೆಯದು: ಪ್ಯೊ ಸಾಂಗು.

"ಅಳ್ಬೇಡಿ, ಫೋಟೋ ತೆಗೀತಿದಾರೆ," ಎಂದು ಓಕ್‌ಶಿಲ್ ತಿವಿದಳು.

ಆ ಫೋಟೋ ಈಗ ಅವರ ಗೋಡೆಯ ಮೇಲಿದೆ. ಸುತ್ತ ಬೋಳುತಲೆಗಳು ಹಲ್ಲು ಬಿಟ್ಟಿವೆ. ನಡುವೆ ಸಾಂಗು ಬಾಯಿ ತೆರೆದು ಅಳುತ್ತಿದ್ದಾನೆ.