ಕುರಿಮರಿಯ ಮೇಲೆ ಹೊರಿಸಿದ ತಪ್ಪು

ನನ್ನ ಗಾಡಿಗೆ ಹದಿನಾಲ್ಕು ವರ್ಷ, ನನ್ನ ಸಿಟ್ಟಿಗೆ ಐವತ್ತೆರಡು. ಎರಡೂ ನಾರಾಯಣಖೇಡದಲ್ಲಿ ಎಲ್ಲರಿಗೂ ಗೊತ್ತು. ರಾಯಿಕೋಡಿನ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಎತ್ತರದ ಗಾಡಿ ಇದ್ದರೆ ಮಾತ್ರ ಆ ರಸ್ತೆಯಲ್ಲಿ ಸೊಂಟ ಉಳಿಯುತ್ತದೆ ಎಂದು ನಮ್ಮಪ್ಪ ಇದನ್ನು ಕೊಂಡು ನನಗೆ ಬಿಟ್ಟುಹೋದರು.

ಪ್ರತಿ ತಿಂಗಳ ಎರಡನೇ ಶನಿವಾರ ನನ್ನ ಪಕ್ಕದ ಸೀಟಿನಲ್ಲಿ ಹಿಂದಿನ ಓಣಿಯ ಗೆಳತಿ ಕೂರುತ್ತಿದ್ದಳು. ಕುರಿ ಸಾಕುವ ಮನೆಯವಳು. ಕಣ್ಣಿನೊಳಗಿನ ಒತ್ತಡ ಏರಿ ಅವಳ ಎಡಗಣ್ಣು ಆಗಲೇ ಹೋಗಿತ್ತು. ಉಳಿದ ಒಂದನ್ನು ತಿಂಗಳಿಗೊಮ್ಮೆ ಜಹೀರಾಬಾದಿನ ಡಾಕ್ಟರಿಗೆ ತೋರಿಸಬೇಕು, ದಿನಾ ಔಷಧಿಯ ಹನಿ ಹಾಕಬೇಕು. ತಪ್ಪಿಸಿದರೆ ಅದೂ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಗಂಡ ಕುರಿಗಳ ಹಿಂದೆ ಊರೂರು ತಿರುಗುವವನು. ಒಮ್ಮೆ ಒಬ್ಬಳೇ ಹೋಗಿ ಬಸ್ಸಿನ ಮೆಟ್ಟಿಲು ಕಾಣದೆ ಬಿದ್ದಳು. ಅಂದಿನಿಂದ ಅವಳನ್ನು ಕರೆದೊಯ್ಯುವುದು ನನ್ನ ಜವಾಬ್ದಾರಿ. ಯಾರೂ ಹೊರಿಸಿದ್ದಲ್ಲ, ನಾನೇ ಹೊತ್ತದ್ದು.

ಕಳೆದ ಶ್ರಾವಣದಲ್ಲಿ ಜಹೀರಾಬಾದಿನಿಂದ ಬರುವಾಗ ಜೋರು ಮಳೆ. ದಾರಿಯಲ್ಲಿ ಅವಳ ಗಂಡ ಮಂದೆಯೊಂದಿಗೆ ಸಿಕ್ಕು, ಕಾಲು ಮುರಿದ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿ ಹೆಂಡತಿಯ ತೊಡೆಯ ಮೇಲಿಟ್ಟ. ಮರಿ ಗಾಡಿಯೊಳಗೆ ಉಚ್ಚೆ ಹೊಯ್ದಿತು. ಅವಳು ತನ್ನ ಸೆರಗಿನಿಂದಲೇ ಒರೆಸಿದಳು. ನಾನು ಏನೂ ಅನ್ನಲಿಲ್ಲ, ಅಂದು.

ಆಮೇಲೆ ಗಾಡಿಗೆ ದೆವ್ವ ಹೊಕ್ಕಿತು. ಬಿಸಿಲಿನಲ್ಲಿ ವೈಪರ್ ಆಡುವುದು, ಬಲಕ್ಕೆ ಹೊರಳುತ್ತೇನೆಂದರೆ ಎಡಗಡೆಯ ದೀಪ ಮಿನುಗುವುದು. ಮುಂದಿನ ಎರಡನೇ ಶನಿವಾರ ಅವಳನ್ನು ಕೂರಿಸಿಕೊಂಡು ಹೊರಟವಳು ಇನ್ನೂ ನಾರಾಯಣಖೇಡದ ಬಜಾರು ದಾಟಿಲ್ಲ, ಹಾರ್ನ್ ತಾನಾಗಿಯೇ ಶುರುವಾಯಿತು. ನಿಲ್ಲಲೇ ಇಲ್ಲ. ನಾಲ್ಕೂ ಬಾಗಿಲ ಲಾಕುಗಳು ಟಕಟಕ ಏಳುತ್ತಿದ್ದವು, ಬೀಳುತ್ತಿದ್ದವು. ಜನ ಸೇರಿ ಹಲ್ಲು ಕಿರಿದರು. ಚಹಾದಂಗಡಿಯವನು ಬಂದು ಬ್ಯಾಟರಿಯ ತಂತಿ ಕಿತ್ತ ಮೇಲೆ ಗಾಡಿ ಸುಮ್ಮನಾಯಿತು. ಆದರೆ ನಾನು ಸುಮ್ಮನಾಗಲಿಲ್ಲ.

"ಇಳಿ ಕೆಳಗ," ಎಂದೆ ಅವಳಿಗೆ. "ನಿನ್ನ ಕುರಿ ಉಚ್ಚಿ ಗಾಡಿ ತಿಂದು ಹಾಕ್ಯಾದ. ನಾ ಗಾಡಿ ಇಟ್ಟಿದ್ದು ಮನುಷ್ಯಾರಿಗಿ, ಕುರಿಹಟ್ಟಿಗಿ ಅಲ್ಲ!"

ಇಡೀ ಬಜಾರು ಕೇಳಿತು. ಅವಳು ಸೀರೆ ಕೊಡವಿಕೊಂಡು ಇಳಿದಳು. "ಆತು ಅಕ್ಕಾ," ಎಂದು ಗೋಡೆ ಹಿಡಿದುಕೊಂಡು ಮನೆಯ ಕಡೆ ನಡೆದಳು.

ಗಾಡಿ ಮಾರಿದ ಕಂಪನಿಯ ಶೋರೂಮಿಗೆ ಎಳೆಸಿಕೊಂಡು ಹೋದೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಸತ್ತಿದೆ ಎಂದರು. ದೀಪ, ವೈಪರ್, ಹಾರ್ನ್, ಬಾಗಿಲು, ಎಲ್ಲಕ್ಕೂ ಅಪ್ಪಣೆ ಕೊಡುವ ಅಂಗೈಯಗಲದ ಡಬ್ಬಿ ಅದು. ತರಿಸುತ್ತೇವೆ ಎಂದರು. ಎರಡು ತಿಂಗಳು ದಿನಾ ಫೋನು ಮಾಡಿದೆ, ದಿನಾ "ನಾಳೆ ಮೇಡಂ". ಕೊನೆಗೆ ಒಬ್ಬ ನಗುನಗುತ್ತಾ ಆ ಭಾಗ ತಯಾರಿಸುವುದನ್ನೇ ನಿಲ್ಲಿಸಿದ್ದಾರೆ, ಹೊಸ ಗಾಡಿ ನೋಡಿ ಎಂದು ಬಣ್ಣದ ಹಾಳೆ ಕೈಗಿಟ್ಟ. ಆ ಹಾಳೆಯನ್ನು ಅವನ ಮೇಜಿನ ಮೇಲೆಯೇ ಹರಿದು ಹಾಕಿ ಬಂದೆ. ಅದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಆ ಎರಡು ತಿಂಗಳು ನಾನು ಶಾಲೆಗೆ ಬಸ್ಸಿನಲ್ಲಿ ಓಡಾಡಿದೆ. ಅದೇ ಬಸ್ಸಿನಲ್ಲಿ ಅವಳ ಕೈ ಹಿಡಿದು ಜಹೀರಾಬಾದಿಗೂ ಹೋಗಬಹುದಿತ್ತು. ಹೋಗಲಿಲ್ಲ. ಬಸ್ಸಿನಲ್ಲಿ ಸಿಕ್ಕಿ ನುಜ್ಜಾದಾಗಲೆಲ್ಲ ಅವಳ ಕುರಿಮರಿಯನ್ನೇ ಬೈದುಕೊಂಡೆ.

ಕೊನೆಗೆ ಜಹೀರಾಬಾದಿನ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಗಾಡಿ ಸಾಗಿಸಿದೆ. ಗಡ್ಡ ನೆರೆತ ಸಮಾಧಾನದ ಮನುಷ್ಯ. ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಬಿಚ್ಚುವ ಮೊದಲು ಅದರಲ್ಲಿದ್ದ ಸಾಮಾನು ನನ್ನ ಕೈಗೆ ಕೊಟ್ಟ. ಒಂದು ಛತ್ರಿ, ಒಂದು ಸೀಮೆಸುಣ್ಣದ ಡಬ್ಬಿ, ಮಡಚಿದ ಒಂದು ಚೀಟಿ. ಬಿಚ್ಚಿ ನೋಡಿದರೆ ಅವಳ ಕಣ್ಣಿನ ಔಷಧಿಯ ಚೀಟಿ. ಅದು ಇಲ್ಲದೆ ಅಂಗಡಿಯವರು ಆ ಔಷಧಿ ಕೊಡುವುದಿಲ್ಲ. ತಿಂಗಳಿಗೆ ಒಂದು ಬಾಟಲಿ. ಮುಗಿದು ಎಷ್ಟು ದಿನವಾಗಿರಬೇಕು? ಗಣಿತದ ಟೀಚರಿಗೆ ಆ ಲೆಕ್ಕ ಮಾಡಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅವನು ಆ ಕಂಟ್ರೋಲ್ ಡಬ್ಬಿ ಹೊರತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಬಿಳಿ ಹೊಪ್ಪಳಿಕೆ, ತಾಮ್ರದ ಮೇಲೆ ಹಸಿರು ಕಿಲುಬು. ಮೂಗಿನ ಹತ್ತಿರ ಹಿಡಿದ.

"ಗಾಡ್ಯಾಗ ಹಾಲು ಚೆಲ್ಲಿತ್ತೇನ್ರಿ ಮೇಡಂ?"

"ಹಾಲಲ್ಲ, ಕುರಿ ಉಚ್ಚಿ," ಎಂದೆ ಖಡಕ್ಕಾಗಿ.

"ಉಚ್ಚಿ ಕೆಳಗ ಕಾರ್ಪೆಟ್ಟಿಗಿ ಇಳೀತದ್ರಿ. ಮ್ಯಾಲ ಹ್ಯಾಂಗ್ ಹತ್ತತದ? ಇದು ಮ್ಯಾಲಿಂದ ಬಂದದ."

ಇಬ್ಬರೂ ಮೇಲೆ ನೋಡಿದೆವು. ಡ್ಯಾಶ್‌ಬೋರ್ಡಿನ ನಡುವೆ, ಗಾಳಿ ಬರುವ ಕಿಂಡಿಗೆ ಒತ್ತಿಕೊಂಡು, ಅಪ್ಪ ಅಂಟಿಸಿದ ಹೆಬ್ಬೆರಳಿನಷ್ಟು ಹಿತ್ತಾಳೆಯ ಲಿಂಗ. ನಮ್ಮ ಮನೆಯಲ್ಲಿ ಸೋಮವಾರ ಅದಕ್ಕೆ ನೀರೆರೆಯದೆ ಗಾಡಿ ಹೊರಡುವುದಿಲ್ಲ. ಶ್ರಾವಣ ಸೋಮವಾರವಾದರೆ ಹಾಲು, ಜೇನುತುಪ್ಪ. ಅಪ್ಪ ಅದರ ಕೆಳಗೆ ಅಂಚಿರುವ ತಟ್ಟೆ ಇಟ್ಟಿದ್ದರು. ರಾಯಿಕೋಡಿನ ರಸ್ತೆಯಲ್ಲಿ ಅದು ಗಲಗಲ ಅನ್ನುತ್ತದೆ, ನನಗೆ ತಲೆ ಕೆಡುತ್ತದೆ ಎಂದು ನಾನೇ ಕಿತ್ತೆಸೆದು, ಮಡಚಿದ ಒಂದು ಕರವಸ್ತ್ರ ಇಟ್ಟಿದ್ದೆ. ಶಿವನ ತಲೆಯ ಮೇಲೆ ಎರೆದದ್ದೆಲ್ಲ ಕಿಂಡಿಯೊಳಗೆ ಇಳಿದು ಈ ಡಬ್ಬಿಯನ್ನು ಕೊಂದಿತ್ತು. ಭಕ್ತಿಯಿಂದ ಕೊಂದವಳು ನಾನು, ಬಜಾರಿನಲ್ಲಿ ಇಳಿಸಿದ್ದು ಅವಳನ್ನು.

ಅವನು ನಗಲಿಲ್ಲ. ನಕ್ಕಿದ್ದರೆ ಅವನನ್ನಾದರೂ ಬೈಯಬಹುದಿತ್ತು.

ಹಳೆಯ ಡಬ್ಬಿಯ ನಂಬರು ಬರೆದುಕೊಟ್ಟು, ಕೊನೆಯ ಅಕ್ಷರದವರೆಗೂ ಅದೇ ಇರಬೇಕು, ತಾಂಡೂರಿನಲ್ಲಿ ಹುಡುಕಿರಿ ಎಂದ. ಕಲ್ಲುಗಣಿಯವರ ಹಳೆಯ ಗಾಡಿಗಳನ್ನು ಒಡೆದು ಮಾರುವ ಗುಜರಿಗಳು ಅಲ್ಲಿವೆ. ಗಾಡಿ ಸರಿಮಾಡಿಸದೆ ಅವಳ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ, ಮೊದಲ ಬಸ್ಸು ಹಿಡಿದೆ. ಗುಜರಿಯವನು ಕಲ್ಲುಧೂಳು ಹಿಡಿದ ಒಂದು ಡಬ್ಬಿ ಮುಂದಿಟ್ಟ. ನಂಬರು ನೋಡಿದೆ.

"ಕೊನೀ ಅಕ್ಷರ ಬ್ಯಾರೆ ಅದ."

"ಎಲ್ಲಾ ಒಂದೇ ರೀ ಅಮ್ಮಾ, ಹಚ್ಚಿರಿ, ನಡೀತದ."

"ನಡೀಲಿಲ್ಲಂದ್ರ ಹೊಳ್ಳಿ ಬರ್ಲಿಕ್ಕ ನನ್ನ ಹತ್ರ ದಿನ ಇಲ್ಲ. ಹುಡುಕು!"

ಅಲ್ಲೇ ಕಲ್ಲುಹಾಸುಗಳ ರಾಶಿಯ ಮೇಲೆ ಕೂತೆ. ಅವನು ಗೊಣಗುತ್ತಾ ಇಡೀ ಕೋಣೆ ತಿರುವಿ ಹಾಕಿದ. ಮಧ್ಯಾಹ್ನ ದಾಟಿದ ಮೇಲೆ ಸರಿಯಾದದ್ದು ಸಿಕ್ಕಿತು. ಮರುದಿನ ಎಲೆಕ್ಟ್ರಿಷಿಯನ್ ಅದನ್ನು ಕೂರಿಸಿ, ಲ್ಯಾಪ್‌ಟಾಪ್ ಹಚ್ಚಿ, ನನ್ನ ಕೀಲಿಕೈಯ ಗುರುತು ಹಿಡಿಸಿದ. ಹಾರ್ನ್ ಒತ್ತಿದಾಗ ಕೂಗಿತು, ಬಿಟ್ಟಾಗ ನಿಂತಿತು. ಲಿಂಗವನ್ನು ಮನೆಯ ದೇವರಗೂಡಿನಲ್ಲಿಟ್ಟು ನೇರ ಅವಳ ಬಾಗಿಲಿಗೆ ಹೋದೆ.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. "ಔಷಧಿ ತೀರ್ಯಾದಂತ ಹೇಳಾಕ ಬಾಯಿ ಇರಲಿಲ್ಲೇನ್ ನಿನಗ?" ಎಂದು ಕೂಗಾಡಿದೆ. "ಕುರೀದೇನೂ ತಪ್ಪಿಲ್ಲ, ನಂದೇ ತಪ್ಪು, ನಡಿ!" ಅದನ್ನೂ ಗದರಿಸುವ ದನಿಯಲ್ಲೇ ಹೇಳಿದೆ. ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಕೈಯಲ್ಲಿ ಒಂದು ಖಾಲಿ ಗೊಬ್ಬರದ ಚೀಲ. ಗಾಡಿಯ ಬಾಗಿಲು ತೆರೆದು, ಸೀಟನ್ನು ಕೈಯಿಂದ ತಡವಿ, ಚೀಲವನ್ನು ಅಂಚು ಸರಿಮಾಡಿ ಹಾಸಿ ಅದರ ಮೇಲೆ ಕೂತಳು.

"ತೆಗಿ ಅದನ್ನ," ಎಂದೆ.

"ಇರ್ಲಿ ಅಕ್ಕಾ."

ಜಹೀರಾಬಾದಿನವರೆಗೂ ಆ ಚೀಲ ಅವಳು ಅಲುಗಿದಾಗಲೆಲ್ಲ ಸದ್ದು ಮಾಡಿತು. ಇಪ್ಪತ್ತು ಸಲ ಗಾಡಿ ನಿಲ್ಲಿಸಿ ಕಿತ್ತೆಸೆಯಬೇಕು ಅನ್ನಿಸಿತು. ಕಿತ್ತರೆ ಅವಳು ಹೆದರಿಯಾಳು ಎಂದು ಸುಮ್ಮನೆ ಓಡಿಸಿದೆ.

ಡಾಕ್ಟರು ಅವಳ ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಒಂದೊಂದೇ ದಿಕ್ಕಿನಿಂದ ಬೆರಳು ತಂದು ಕಾಣುತ್ತದೆಯೇ ಎಂದು ಕೇಳಿದರು. ಕಿವಿಯ ಕಡೆಯಿಂದ ಬಂದ ಬೆರಳು ಅವಳಿಗೆ ಮೂಗಿನ ಹತ್ತಿರ ಬರುವವರೆಗೂ ಕಾಣಲಿಲ್ಲ.

"ಮೂರು ತಿಂಗಳು ಯಾಕ್ ಬರ್ಲಿಲ್ಲ?" ಡಾಕ್ಟರಿಗೆ ಸಿಟ್ಟು ಬಂದಿತ್ತು. "ಬಾಜೂದ ನೋಟ ಹೋಗ್ಯಾದ. ಅದು ಇನ್ನ ಬರಂಗಿಲ್ಲ."

ನಾನು ಬಾಯಿ ತೆರೆದೆ.

"ಗಾಡಿ ಕೆಟ್ಟಿತ್ರಿ," ಎಂದಳು ಅವಳು. "ಅಕ್ಕಾರ ಏನ್ ಮಾಡ್ತಾರ?"

ಡಾಕ್ಟರು ನನ್ನ ಕಡೆ ತಿರುಗಿದರು.

"ಹೌದ್ರಿ," ಎಂದೆ. "ಗಾಡಿ ಕೆಟ್ಟಿತ್ತು."