ಗುರುಸಿದ್ದಮ್ಮನ ಮೂರು ಬೆರಳು

ಕಾಫಿ ಹಣ್ಣು ಬಿಡಿಸುವುದರಲ್ಲಿ ಶನಿವಾರಸಂತೆ ಕಡೆ ಗುರುಸಿದ್ದಮ್ಮನನ್ನು ಮೀರಿಸಿದವರಿಲ್ಲ ಎಂದು ಮೊದಲು ಹೇಳಿದವಳು ಗುರುಸಿದ್ದಮ್ಮನೇ. ಹಾಗಂತ ಅದು ಸುಳ್ಳಲ್ಲ. ಕಣ್ಣು ದಾರಿಹೋಕರ ಮೇಲೆ, ಬಾಯಿ ಅವರ ಮನೆ ಸುದ್ದಿಯ ಮೇಲೆ. ಎರಡೂ ಕೈಯ ಬೆರಳುಗಳು ಮಾತ್ರ ಕಾಯಿ ಬಿಟ್ಟು ಹಣ್ಣನ್ನೇ ಹುಡುಕಿ ಕೀಳುತ್ತಿದ್ದವು.

ಹೋದ ಬೇಸಿಗೆಯಲ್ಲಿ ಗಿಡದ ಬೇಡದ ಕೊಂಬೆ ಕಡಿಯುವಾಗ ಕತ್ತಿ ಜಾರಿ ಎಡ ಮಣಿಕಟ್ಟಿಗೆ ಬಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ತುಂಡಾದ ನರ ಹೊಲಿದರು. ಗಾಯ ಮಾಯಿತು, ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶವೇ ಇಲ್ಲ. ಕಾದ ತಪ್ಪಲೆ ಸುಟ್ಟರೂ ಗೊತ್ತಾಗದು.

"ಬೆರಳು ಆಡ್ತಾವಲ್ಲ, ಇನ್ನೇನಾಗ್ಬೇಕು?" ಎಂದ ಗಂಡ ಶಿವಶಂಕರಪ್ಪ.

ಉತ್ತರ ಸಿಕ್ಕಿದ್ದು ಸೋಮವಾರಪೇಟೆಯಲ್ಲಿ. ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೊಥೆರಪಿಸ್ಟ್ ಶ್ವೇತ ಎಂಬಾಕೆ ಹಾಳೆಯ ಮೇಲೆ ಚಿತ್ರ ಬರೆದಳು.

"ಇವು ನರಕೋಶ ಅಮ್ಮ. ಇದು ಅಪ್ಪಣೆ ತರೋದು. ಈ ಕೋಶದ ದೇಹ ಬೆನ್ನುಹುರಿ ಒಳಗೆ, ಸುತ್ತ ಕವಲು, ಒಂದು ಉದ್ದನೆ ಎಳೆ ಮಾಂಸಖಂಡಕ್ಕೆ. ಇದು ಸುದ್ದಿ ಒಯ್ಯೋದು. ಇದರ ದೇಹ ಬೆನ್ನುಹುರಿ ಪಕ್ಕ, ಎಳೆ ಒಂದು ಕಡೆ ಬೆರಳ ತುದಿಗೆ, ಇನ್ನೊಂದು ಕಡೆ ಬೆನ್ನುಹುರಿಗೆ. ಇವೆರಡರ ಮಧ್ಯೆ ಮಾತು ದಾಟಿಸೋ ಮೂರನೇ ಜಾತಿನೂ ಇದೆ. ಬೆರಳು ಮಡಿಸೋ ಮಾಂಸಖಂಡ ಗಾಯಕ್ಕಿಂತ ಮೇಲೆ, ಮೊಣಕೈ ಕಡೆ ಇದೆ, ಅದಕ್ಕೇ ಅಪ್ಪಣೆ ತಲುಪ್ತಿದೆ. ಬೆರಳ ಸುದ್ದಿ ಮಾತ್ರ ಹೋಗ್ತಿಲ್ಲ."

"ಕುತ್ತಿಗೆ ಹತ್ರದಿಂದ ಬೆರಳ ತುದಿವರೆಗೂ ಒಂದೇ ಕೋಶನಾ?" ಗುರುಸಿದ್ದಮ್ಮ ತನ್ನ ತೋಳನ್ನು ಮೊದಲ ಸಲ ನೋಡುವಂತೆ ನೋಡಿದಳು.

"ಒಂದೇ. ಗಾಯದಿಂದಾಚೆಗಿನ ಎಳೆ ಸತ್ತಿದೆ, ಕೋಶದ ದೇಹ ಬದುಕಿದೆ. ಎಳೆ ಮತ್ತೆ ಬೆಳೀಬೇಕು. ಕೆಲವರಿಗೆ ತುದಿವರೆಗೆ ತಲುಪೋದೇ ಇಲ್ಲ."

"ಬುಡ ಬದುಕಿದ್ರೆ ಚಿಗುರ್ತದೆ ಬಿಡಮ್ಮ. ಕಡಿದ ಗಿಡ ನಾನು ನೋಡಿಲ್ವಾ?"

ಕಣ್ಣು ಮುಚ್ಚಿ ಮೆಣಸು, ಏಲಕ್ಕಿ, ಕಾಫಿ ಬೀಜವನ್ನು ಬೆರಳಲ್ಲೇ ಗುರುತಿಸುವ ಅಭ್ಯಾಸ ಕೊಟ್ಟಳು ಶ್ವೇತ. ಕೆಲವೇ ವಾರಗಳಲ್ಲಿ ಗುರುಸಿದ್ದಮ್ಮ ಒಂದನ್ನೂ ತಪ್ಪದೆ ಹೇಳತೊಡಗಿದಳು! ಶಿವಶಂಕರಪ್ಪ ಓಣಿಗೆಲ್ಲ ಮೈಸೂರುಪಾಕು ಹಂಚಿದ. ಮುಂದಿನ ಸಲ ಶ್ವೇತ ಅವಳ ಮೂಗು ಹಿಡಿದು ಕೈಗೆ ಏಲಕ್ಕಿ ಕೊಟ್ಟಳು.

"ಕಾಫಿ ಬೀಜ," ಎಂದಳು ಗುರುಸಿದ್ದಮ್ಮ.

ಇಷ್ಟು ದಿನ ಬುದ್ಧಿ ಓಡಿಸಿದ್ದು ಮೂಗು. ತಾನೇ ಮೋಸ ಹೋಗಿದ್ದಳು ಪಾಪ. ಊರಿನ ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿ ಅತ್ತಳು. ಆದರೂ ಅಭ್ಯಾಸ ಬಿಡಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದಳು.

ಹಣ್ಣಿನ ಕಾಲ ಬಂತು. ಒಂದು ಬೆಳಿಗ್ಗೆ ಕೊಂಬೆ ಬಗ್ಗಿಸುವಾಗ ಎಡಗೈ ಕೆಂಜಿಗದ ಎಲೆಗೂಡಿಗೆ ತಾಗಿತು. ಏನೆಂದು ತಿಳಿಯುವ ಮೊದಲೇ ಕೈ ಚಂಗನೆ ಹಿಂದೆ ಹಾರಿತ್ತು. ನಡುಬೆರಳ ತುದಿಯಲ್ಲಿ ಕೆಂಪಿರುವೆಯೊಂದು ಕಚ್ಚಿಕೊಂಡು ನೇತಾಡುತ್ತಿತ್ತು.

ಸುದ್ದಿ ಹೋಗಿತ್ತು! ಬೆರಳಿಂದ ಬೆನ್ನುಹುರಿಗೆ ಹೋಗಿ, ನಡುವಿನ ಕೋಶ ಅದನ್ನು ದಾಟಿಸಿ, ಅಪ್ಪಣೆಯೂ ಹೊರಟು ಬಂದಿತ್ತು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

"ರೀ! ಬನ್ರೀ ಬೇಗ! ಬನ್ರೀ!"

ಹಾವೇ ಕಚ್ಚಿತೆಂದು ಶಿವಶಂಕರಪ್ಪ ದೊಣ್ಣೆ ಹಿಡಿದು ಓಡಿಬಂದ. ಇರುವೆ ಕಂಡು ಕೊಡವಲು ಹೋದ.

"ಮುಟ್ಟಬೇಡಿ ಅದನ್ನ! ಉರೀತೈತೆ ಕಣ್ರೀ, ಉರೀತೈತೆ!" ಅವಳ ಕಣ್ಣಲ್ಲಿ ನೀರು, ಬಾಯ್ತುಂಬ ನಗು. ಹೆಬ್ಬೆರಳನ್ನೂ ತೋರುಬೆರಳನ್ನೂ ಗೂಡಿನತ್ತ ಚಾಚಿದಳು. "ತಡೀರಿ, ಇವೆರಡಕ್ಕೂ ಕಚ್ಚಿಸಿ ನೋಡ್ತೀನಿ."